ದಾಲ್, ಅಲಿಫ್, ಲಾಮ್

ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇತ್ತು. ಅದರೊಳಗೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಕಾಗದದ ಗಂಟು. ಪ್ರತಿ ವರ್ಷ ದೀಪಾವಳಿಗೆ ಮನೆಗೆ ಸುಣ್ಣ ಬಳಿಯುವಾಗ ಟ್ರಂಕು ಕೆಳಗೆ ಇಳಿಯುತ್ತಿತ್ತು. ಅಪ್ಪ ಗಂಟು ಬಿಚ್ಚಿ, ಹುಳ ಹಿಡಿದಿದೆಯಾ ಅಂತ ನೋಡಿ, ಒಣಗಿದ ಬೇವಿನ ಎಲೆ ಬದಲಿಸಿ ಮತ್ತೆ ಕಟ್ಟಿಡುತ್ತಿದ್ದ. ಯಾರೂ ಓದುತ್ತಿರಲಿಲ್ಲ. ಓದಲು ಬರುತ್ತಲೂ ಇರಲಿಲ್ಲ. ಅವೆಲ್ಲ ನಮ್ಮ ಮುತ್ಯಾನ, ಅಂದರೆ ಅಪ್ಪನ ಅಪ್ಪನ, ಕಾಲದ ಕಾಗದಗಳು. ಎಲ್ಲವೂ ಉರ್ದುವಿನಲ್ಲಿದ್ದವು.

ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಇದು ಹೊಸ ಮಾತಲ್ಲ. 1948ರ ಸೆಪ್ಟೆಂಬರ್ 17ರ ತನಕ ನಮ್ಮ ಭಾಗ ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತು. ಕಚೇರಿ, ಕೋರ್ಟು, ಕಂದಾಯ, ಪೊಲೀಸು, ಎಲ್ಲದರ ಬರವಣಿಗೆ ಉರ್ದುವಿನಲ್ಲಿ. ಮನೆಯೊಳಗೆ ಕನ್ನಡ, ಕಾಗದದ ಮೇಲೆ ಉರ್ದು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಾಗದದ ಮೇಲೂ ಕನ್ನಡ ಬಂತು. ಹಳೇ ಕಾಗದಗಳು ಹಾಗೇ ಉಳಿದವು. ನಮ್ಮ ಕಡೆಯ ಎಷ್ಟೋ ಮನೆಗಳ ಅಟ್ಟದಲ್ಲಿ ಇಂಥದೊಂದು ಗಂಟು ಇವತ್ತಿಗೂ ಇದೆ.

2021ರಲ್ಲಿ ಹೊಲದ ಪಾಲು ಮಾಡುವ ಮಾತು ಬಂತು. ಕಾಕಾನ ಮಕ್ಕಳು, ನಾವು, ಎಲ್ಲರೂ ಕೂತಾಗ ಯಾರೋ ಆ ಗಂಟಿನ ನೆನಪು ತೆಗೆದರು. ಉರ್ದು ಬಲ್ಲ ಒಬ್ಬರ ಹತ್ತಿರ ನಾನೇ ಒಯ್ದೆ. ಅವರು ಎರಡು ಹಾಳೆ ತಿರುವಿದರು. ಐದು ನಿಮಿಷ ಆಗಿರಬೇಕು. "ಇದರಾಗ ಏನೂ ಇಲ್ಲ, ಹಳೇ ಸಾಲದ ಕಾಗದ," ಅಂದರು. ದುಡ್ಡು ಕೊಟ್ಟು ಬಂದೆ. ಆಟೋದಲ್ಲಿ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದು ಇವತ್ತಿಗೂ ನೆನಪಿದೆ. ನಮ್ಮ ಮುತ್ಯಾನ ಕೈ ಮುಟ್ಟಿದ ಕಾಗದ. ಅದರಲ್ಲಿ ಏನಿದೆ, ಏನಿಲ್ಲ ಅಂತ ಹೇಳೋಕೆ ಬೇರೆಯವರು ಬೇಕಾ? ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯಿತು.

ಆಗ ನನಗೆ 42. ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ತೊಗರಿ ಸೀಸನ್ ಬಂದರೆ ರಾತ್ರಿ ಒಂಬತ್ತಾದರೂ ಮನೆ ಸೇರುವುದು ಕಷ್ಟ. ಅಣ್ಣ ಪುಣೆಗೆ ಹೋದ ಮೇಲೆ ಅಪ್ಪ ಅವ್ವ ನಮ್ಮ ಮನೆಗೇ ಬಂದಿದ್ದರು. ಇಬ್ಬರು ಮಕ್ಕಳು ಓದುತ್ತಿದ್ದರು. ಇದೆಲ್ಲ ಎಲ್ಲರ ಮನೆಯಲ್ಲೂ ಇರುವುದೇ. ನಾನು ಹೇಳಬೇಕಾದ ವಿಷಯ ಬೇರೆ. ಅಷ್ಟರೊಳಗೆ ನಾನು ಬಹಳ ಕೆಲಸ ಶುರು ಮಾಡಿ ಬಿಟ್ಟಿದ್ದೆ. ಬಿ.ಕಾಂ. ಎರಡನೇ ವರ್ಷಕ್ಕೆ ನಿಂತಿತ್ತು. ಅಪ್ಪನ ಕೆರೆಯ ಸುತ್ತ ವಾಕಿಂಗ್ ಹೋಗುವುದು ಒಂಬತ್ತು ದಿನ ನಡೆದಿತ್ತು. ಇಂಗ್ಲಿಷ್ ಕ್ಲಾಸು, ಹೊಲಿಗೆ, ಡೈರಿ, ಒಂದೊಂದೂ ಒಂದೆರಡು ವಾರ. ಪ್ರತಿ ಸಲ ಬಿಟ್ಟಾಗಲೂ ನನ್ನ ಮೇಲೆ ನನಗಿದ್ದ ನಂಬಿಕೆ ಒಂದಿಷ್ಟು ಕಡಿಮೆ ಆಗುತ್ತಿತ್ತು. ಹೊಸದು ಶುರು ಮಾಡೋ ಮುಂಚೆಯೇ "ಇದೂ ಅಷ್ಟೇ" ಅನ್ನೋ ದನಿ ಒಳಗಿಂದ ಬರುತ್ತಿತ್ತು. ಈ ದನಿ ಬಹಳ ಜನರಿಗೆ ಗೊತ್ತಿರುತ್ತದೆ, ಅಲ್ವಾ?

ನಮ್ಮ ಹಿಂದಿನ ಓಣಿಯಲ್ಲಿ ಒಬ್ಬ ಆಪಾ ಇದ್ದಾರೆ. ಉರ್ದು ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಿ ಆದವರು. ರಂಜಾನಿಗೆ ಅವರ ಮನೆಯಿಂದ ಶೀರ್ ಖುರ್ಮಾ ಬರುತ್ತದೆ, ಪಂಚಮಿಗೆ ನಮ್ಮ ಮನೆಯಿಂದ ಉಂಡಿ ಹೋಗುತ್ತದೆ. ಅವರ ಹತ್ತಿರ ಹೋಗಿ ಕೇಳಿದೆ, "ಆಪಾ, ಉರ್ದು ಓದೋದು ಕಲಿಸ್ತೀರೇನ್ರೀ? ಎಷ್ಟು ದಿನಕ್ಕ ಬರ್ತದ?"

ಅವರು ಉತ್ತರ ಹೇಳಲಿಲ್ಲ. ತಿರುಗಿ ನನ್ನನ್ನೇ ಕೇಳಿದರು, "ನೀ ಒಂದಿನಾನೂ ತಪ್ಪಿಸ್ದೇ ಮಾಡೋದು ಏನದ, ಬೇಟಾ?"

ಸ್ವಲ್ಪ ಯೋಚನೆ ಮಾಡಬೇಕಾಯಿತು. "ಮುಂಜಾನೆ ಚಹಾ ಮಾಡೋದು ಒಂದೇ ನೋಡ್ರೀ."

"ಹಂಗಾದ್ರ ಚಹಾ ಒಲಿ ಮ್ಯಾಲ ಇಟ್ಟು ಅದು ಉಕ್ಕೋತನಕ ಒಂದು ಅಕ್ಷರ. ಎರಡು ಬ್ಯಾಡ."

ಮರುದಿನವೇ ಒಂದು ಎರಡು ಗೆರೆಯ ನೋಟ್‌ಬುಕ್ ತಂದೆ. ಅದಕ್ಕೆ ದಾರದಿಂದ ಪೆನ್ಸಿಲ್ ಕಟ್ಟಿದೆ. ಸಕ್ಕರೆ ಡಬ್ಬಿಯ ಮಗ್ಗುಲಲ್ಲಿ ಇಟ್ಟೆ. ಈ ಜಾಗದ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಮುಂದೆ ನಡೆದಿದ್ದರಲ್ಲಿ ಅರ್ಧ ಕೆಲಸ ಆ ಜಾಗದ್ದೇ. ಚಹಾಕ್ಕೆ ಸಕ್ಕರೆ ಹಾಕಲು ಕೈ ಚಾಚಿದರೆ ಮೊದಲು ಕೈಗೆ ತಾಗುವುದು ನೋಟ್‌ಬುಕ್ಕು. "ಇವತ್ತು ಬರೆಯಬೇಕಾ, ಬೇಡವಾ" ಅಂತ ಯೋಚಿಸುವುದಕ್ಕೆ ಎಡೆಯೇ ಇಲ್ಲ. ಹಿಂದೆ ನಾನು ಪ್ರತಿ ದಿನ ಮನಸ್ಸಿನ ಜೊತೆ ಜಗಳ ಆಡಿ ಕೆಲಸಕ್ಕೆ ಹೊರಡುತ್ತಿದ್ದೆ. ಐದು ದಿನ ಗೆದ್ದರೆ ಆರನೇ ದಿನ ಸೋಲುತ್ತಿದ್ದೆ. ಇಲ್ಲಿ ಜಗಳವೇ ಇರಲಿಲ್ಲ. ಒಲೆ ಹಚ್ಚುವುದು ಹೇಗಿದ್ದರೂ ಆಗುತ್ತಿತ್ತು. ಅಕ್ಷರ ಅದರ ಬೆನ್ನಿಗೆ ಬರುತ್ತಿತ್ತು.

ಇದನ್ನು ನಮ್ಮ ಮನೆಯಲ್ಲೇ ನೋಡುತ್ತಾ ಬೆಳೆದಿದ್ದೆ, ಗುರುತಿಸಿರಲಿಲ್ಲ ಅಷ್ಟೇ. ಅವ್ವ ಸ್ನಾನ ಆದ ಕೂಡಲೇ ವಿಭೂತಿ ಹಚ್ಚಿಕೊಂಡು ಲಿಂಗಪೂಜೆಗೆ ಕೂರುತ್ತಾಳೆ. ಇವತ್ತು ಮನಸ್ಸಿದೆಯಾ ಅಂತ ತನ್ನನ್ನು ತಾನು ಕೇಳಿಕೊಂಡಿದ್ದು ನಾನು ನೋಡಿಲ್ಲ. ಆಪಾಗೆ ಆಜಾನ್ ಕೇಳಿದರೆ ಕೈಯಲ್ಲಿದ್ದ ಕೆಲಸ ತಾನಾಗಿ ಕೆಳಗೆ ಇಳಿಯುತ್ತದೆ. ಸ್ನಾನಕ್ಕೆ ಪೂಜೆ ಅಂಟಿಕೊಂಡಿದೆ, ಆಜಾನಿಗೆ ನಮಾಜು ಅಂಟಿಕೊಂಡಿದೆ. ನನ್ನ ಚಹಾಕ್ಕೆ ಅಕ್ಷರ ಅಂಟಿಕೊಂಡಿತು.

ಮೊದಲ ದಿನ ಅಲಿಫ್. ಅಲಿಫ್ ಅಂದರೆ ನೆಟ್ಟಗೆ ಎಳೆದ ಒಂದು ಗೀಟು. ಎರಡನೇ ದಿನ ಬೇ. ಒಂದು ದೋಣಿ, ಅದರ ಕೆಳಗೆ ಒಂದು ಚುಕ್ಕಿ. ದೋಣಿಯ ಕೆಳಗೆ ಮೂರು ಚುಕ್ಕಿ ಇಟ್ಟರೆ ಪೇ. ಮೇಲೆ ಎರಡು ಇಟ್ಟರೆ ತೇ, ಮೇಲೆ ಮೂರು ಇಟ್ಟರೆ ಸೇ. ಒಂದೇ ಆಕಾರ, ಚುಕ್ಕಿ ಮಾತ್ರ ಬೇರೆ. ಬಲದಿಂದ ಎಡಕ್ಕೆ ಬರೆಯುವಾಗ ಕೈ ಮೊದಮೊದಲು ಹಟ ಮಾಡಿತು. ಅಕ್ಷರಗಳು ಕೂಡಿಕೊಂಡರೆ ರೂಪ ಬದಲಿಸುತ್ತವೆ. ಪದದ ಮೊದಲಿಗೆ ಒಂದು ರೂಪ, ನಡುವೆ ಒಂದು, ಕೊನೆಗೆ ಒಂದು. ಕನ್ನಡ ಓದಿದವರಿಗೆ ಇದು ಕಷ್ಟ, ನಮಗೆ ಒತ್ತು ಮತ್ತು ಗುಣಿತ ರೂಢಿ. ಆದರೂ ದಿನಕ್ಕೆ ಒಂದೇ ಅಲ್ವಾ? ಒಂದು ಅಕ್ಷರಕ್ಕೆ ಹೆದರುವುದಕ್ಕೆ ಕಾರಣವೇ ಸಿಗಲಿಲ್ಲ.

ಸುಮಾರು ಒಂದೂವರೆ ತಿಂಗಳಾಗಿರಬೇಕು. ಮಿಲ್ಲಿನ ಕೆಲಸಕ್ಕೆ ಗಂಜ್ ಕಡೆ ಹೋಗಿದ್ದೆ. ಒಂದು ಹಳೇ ಗೋದಾಮಿನ ಗೋಡೆಯ ಮೇಲೆ ಮಾಸಿದ ಹಸಿರು ಬಣ್ಣದಲ್ಲಿ ಉರ್ದು ಬರಹ ಇತ್ತು. ಹದಿನೈದು ವರ್ಷದಿಂದ ಅದರ ಮುಂದೆ ಓಡಾಡಿದ್ದೆ. ನನ್ನ ಪಾಲಿಗೆ ಅದು ಗೋಡೆಯ ಬಿರುಕಿನ ಹಾಗೆ. ಅವತ್ತು ಕಣ್ಣು ಅಲ್ಲೇ ನಿಂತಿತು. ದಾಲ್. ಅಲಿಫ್. ಲಾಮ್. ದಾಲ್ ಅಕ್ಷರ ತನ್ನ ಮುಂದಿನದಕ್ಕೆ ಕೂಡುವುದಿಲ್ಲ, ಅಲಿಫ್ ಕೂಡ ಕೂಡುವುದಿಲ್ಲ. ಹಾಗಾಗಿ ಮೂರೂ ಬಿಡಿಬಿಡಿಯಾಗಿ, ಹೊಸದಾಗಿ ಕಲಿಯುವವರಿಗೆ ಅಂತಲೇ ಬರೆದ ಹಾಗೆ ನಿಂತಿದ್ದವು. ದಾಲ್. ಬೇಳೆ! ನಾನು ದಿನವಿಡೀ ಯಾವುದರ ಲೆಕ್ಕ ಬರೆಯುತ್ತೇನೋ ಅದೇ. ರಸ್ತೆ ಮಧ್ಯೆ ನಿಂತು ಜೋರಾಗಿ ಓದಿಬಿಟ್ಟೆ. ಚೀಲ ಹೊರುತ್ತಿದ್ದ ಹಮಾಲರೊಬ್ಬರು ತಿರುಗಿ ನೋಡಿ, "ಹೌದ್ರೀ ಅಕ್ಕಾರ, ದಾಲೇ," ಅಂದರು.

ಅಂದಿನಿಂದ ಊರು ಬದಲಾಯಿತು. ನಿಜ ಹೇಳಬೇಕೆಂದರೆ ಊರು ಇದ್ದ ಹಾಗೇ ಇತ್ತು, ನನಗೆ ಅರ್ಧ ಊರು ಕಾಣುತ್ತಿರಲಿಲ್ಲ. ಮುಸ್ಲಿಂ ಚೌಕ್, ದರ್ಗಾ ರಸ್ತೆ, ಸೂಪರ್ ಮಾರ್ಕೆಟ್, ಎಲ್ಲ ಕಡೆ ಬೋರ್ಡುಗಳು ಮಾತಾಡತೊಡಗಿದವು. ದವಾಖಾನಾ, ಹೋಟೆಲ್, ದರ್ಜಿ. ಒಂದೊಂದು ಪದ ಬಿಡಿಸಿದಾಗಲೂ ಅದು ನನಗೆ ಗೊತ್ತಿದ್ದ ಪದವೇ ಆಗಿರುತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ನಾನು ಕನ್ನಡದಲ್ಲಿ ಬರೆಯುವ ಜಮಾ, ಖರ್ಚು, ಬಾಕಿ, ವಸೂಲಿ ಎಲ್ಲ ಆ ಕಡೆಯಿಂದ ಬಂದವೇ. ಅರ್ಜಿ, ವಕೀಲ, ತಕರಾರು, ಜಮೀನು ಕೂಡ ಹಾಗೇ. ಬೇರೆಯವರ ಮನೆ ಅಂದುಕೊಂಡು ಒಳಗೆ ಹೋದರೆ ಅಲ್ಲಿ ನಮ್ಮ ಮನೆಯ ಪಾತ್ರೆಗಳೇ ಇದ್ದ ಹಾಗೆ.

ಉತ್ಸಾಹ ಬಂದರೆ ಏನಾಗುತ್ತದೆ ಅಂತ ನಿಮಗೆ ಗೊತ್ತಲ್ಲ. ಒಂದು ಭಾನುವಾರ ಮೂರು ತಾಸು ಕೂತೆ. ಹನ್ನೊಂದು ಪುಟ ಬರೆದೆ. ಸೋಮವಾರ ನೋಟ್‌ಬುಕ್ ಮುಟ್ಟಲು ಮನಸ್ಸಾಗಲಿಲ್ಲ. ಮಂಗಳವಾರವೂ ಆಗಲಿಲ್ಲ. ಹಳೇ ದನಿ ಮತ್ತೆ ಬಂತು, "ಇದೂ ಅಷ್ಟೇ." ಅವ್ವ ರೊಟ್ಟಿ ಬಡಿಯುತ್ತಾ ನೋಡುತ್ತಿದ್ದಳು. ಅವಳು ಶಾಲೆಗೆ ಹೋದವಳಲ್ಲ. ಶರಣರ ಕಥೆಗಳು ಮಾತ್ರ ಬಾಯಲ್ಲೇ ಇವೆ.

"ಆಯ್ದಕ್ಕಿ ಮಾರಯ್ಯ ಒಂದಿನ ಜಾಸ್ತಿ ಅಕ್ಕಿ ಆಯ್ದು ತಂದ. ಲಕ್ಕಮ್ಮ ಏನಂದ್ಳು? ದಿನಕ್ಕ ಎಷ್ಟು ಬೇಕೋ ಅಷ್ಟು ಸಾಕು, ಹೆಚ್ಚಿಂದು ಒಯ್ದು ಅಲ್ಲೇ ಸುರುವಿ ಬಾ ಅಂದ್ಳು. ನೀನೂ ಹೋಗಿ ಸುರುವಿ ಬಾ ಯವ್ವಾ."

ಆಯ್ದಕ್ಕಿ ಲಕ್ಕಮ್ಮ, ಮಾರಯ್ಯ ಇದ್ದದ್ದು 12ನೇ ಶತಮಾನದಲ್ಲಿ, ಕಲ್ಯಾಣದಲ್ಲಿ. ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಆ ಕಥೆಯನ್ನು ನಾನು ಆಸೆ ಪಡಬಾರದು ಅನ್ನೋ ನೀತಿಯಾಗಿ ಮಾತ್ರ ಕೇಳಿದ್ದೆ. ಅವ್ವ ಅದನ್ನು ನನ್ನ ನೋಟ್‌ಬುಕ್ಕಿಗೆ ಹಚ್ಚಿದಾಗ ಬೇರೆಯೇ ಅರ್ಥ ಹೊಳೆಯಿತು. ಕಡಿಮೆ ಅಂದರೆ ಎಷ್ಟು ಮಾಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಜಾಸ್ತಿ ಅಂದರೆ ಎಷ್ಟಕ್ಕೆ ನಿಲ್ಲಬೇಕು ಅಂತ ಯಾರೂ ಹೇಳುವುದಿಲ್ಲ. ನನ್ನ ಅನುಭವದಲ್ಲಿ ಎರಡನೆಯದೇ ಹೆಚ್ಚು ಮುಖ್ಯ. ಇನ್ನೂ ಸ್ವಲ್ಪ ಬೇಕು ಅನಿಸುವಾಗಲೇ ಪೆನ್ಸಿಲ್ ಕೆಳಗಿಟ್ಟರೆ ಮರುದಿನ ಕೈ ತಾನಾಗಿ ಹೋಗುತ್ತದೆ.

ಕಲಿಕೆಗೂ ಅದೇ ಒಳ್ಳೆಯದು ಅಂತ ಆಮೇಲೆ ಗೊತ್ತಾಯಿತು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅನ್ನುವವರು ತಮ್ಮ ಮೇಲೆ ತಾವೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಅದನ್ನು ಪ್ರಕಟಿಸಿದರು. ಅರ್ಥವಿಲ್ಲದ ಉಚ್ಚಾರಗಳ ಸಾಲುಗಳನ್ನು ಬಾಯಿಪಾಠ ಮಾಡುವುದು ಅವರ ಕೆಲಸ. ಒಂದೇ ಕೂರಿಕೆಯಲ್ಲಿ 68 ಸಲ ಹೇಳಿ ಸಿಕ್ಕ ಫಲ, ಮೂರು ದಿನಕ್ಕೆ ಹಂಚಿ 38 ಸಲ ಹೇಳಿದರೂ ಸಿಕ್ಕಿತು. ಹೆಚ್ಚುಕಡಿಮೆ ಅರ್ಧ ದುಡಿಮೆ! ನನ್ನ ಭಾನುವಾರದ ಹನ್ನೊಂದು ಪುಟ ಯಾಕೆ ಮಂಗಳವಾರಕ್ಕೆ ಮರೆತುಹೋದವು ಅಂತ ಆಗ ತಿಳಿಯಿತು.

ಇನ್ನೊಂದು ಮಾತು. 21 ದಿನ ಮಾಡಿದರೆ ಯಾವುದೇ ಅಭ್ಯಾಸ ಕೂತುಬಿಡುತ್ತದೆ ಅಂತ ಎಲ್ಲೆಡೆ ಹೇಳುತ್ತಾರೆ. ನಾನೂ ನಂಬಿದ್ದೆ. 22ನೇ ದಿನ ಅಕ್ಷರ ಬರೆಯಲು ಬೇಜಾರಾದಾಗ ನನ್ನಲ್ಲೇ ಏನೋ ಕೊರತೆ ಅಂದುಕೊಂಡೆ. ಆ ಸಂಖ್ಯೆ ಬಂದದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನುವ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಒಂದು ಮಾತಿನಿಂದ. ಮುಖದ ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಅಂತ ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ "ಕಡಿಮೆ ಅಂದರೂ" ಬಿದ್ದುಹೋಯಿತು, 21 ಉಳಿಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ ಲೆಕ್ಕ ಹಾಕಿದಾಗ ಸಿಕ್ಕಿದ್ದು ಬೇರೆ. ನಡುವಿನ ಲೆಕ್ಕ 66 ದಿನ. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ ಬೇಕಾಗಬಹುದು. ಊಟದ ಜೊತೆ ಒಂದು ಲೋಟ ನೀರು ಕುಡಿಯುವಂಥದು ಬೇಗ ಕೂರುತ್ತದೆ, ವ್ಯಾಯಾಮದಂಥದು ತಡವಾಗುತ್ತದೆ. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡುವುದಿಲ್ಲ ಅಂತಲೂ ಅವರಿಗೆ ಕಂಡಿತು. ಇದನ್ನು ಓದಿದ ದಿನ ನನಗೆ ಎಷ್ಟು ಹಗುರ ಆಯಿತೋ ಹೇಳಲಾರೆ. 22ನೇ ದಿನಕ್ಕೆ ಬಿಟ್ಟು ಹೋದವರೆಲ್ಲ ಇದನ್ನು ಓದಬೇಕು ಅನಿಸಿತು.

ಆದರೆ ಒಂದು ದಿನ ತಪ್ಪುವುದು ಬೇರೆ, ತಿಂಗಳು ತಪ್ಪುವುದು ಬೇರೆ. 2022ರ ಬೇಸಿಗೆಯಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಪರೇಷನ್, ದವಾಖಾನೆ, ಮನೆ, ಮಿಲ್ಲು. ಕಲಬುರಗಿಯ ಮೇ ತಿಂಗಳ ಬಿಸಿಲು ನಿಮಗೆ ಗೊತ್ತು, ರಾತ್ರಿ ಹತ್ತಕ್ಕೂ ಗೋಡೆ ಮುಟ್ಟಿದರೆ ಸುಡುತ್ತದೆ. ಚಹಾ ಕೂಡ ಹೊರಗಿನ ಗಾಡಿಯದೇ ಆಯಿತು. ಒಲೆಯಿಲ್ಲ, ಸಕ್ಕರೆ ಡಬ್ಬಿಯಿಲ್ಲ, ಹಾಗಾಗಿ ಅಕ್ಷರವೂ ಇಲ್ಲ. 26 ದಿನ ಹಾಗೇ ಹೋದವು.

ಅವ್ವನನ್ನು ಮನೆಗೆ ಕರೆತಂದ ಮೇಲೆ ಆಪಾ ನೋಡಲು ಬಂದರು. ನಾನು ತಲೆ ತಗ್ಗಿಸಿ, "ಎಲ್ಲಾ ಮರೆತುಹೋಗಿರ್ತದ್ರೀ ಆಪಾ," ಅಂದೆ. ಅವರು ಅಡುಗೆಮನೆಗೆ ಹೋಗಿ ನೋಟ್‌ಬುಕ್ ತಂದರು. ಅದರ ಮೇಲೆ ಧೂಳು ಕೂತಿತ್ತು. ಸೆರಗಿನಿಂದ ಒರೆಸಿ ನನ್ನ ಮುಂದೆ ಹಿಡಿದರು. "ಒಂದು ಅಲಿಫ್ ಎಳಿ. ಸಾಕು."

ಎಳೆದೆ. ಒಂದು ಗೀಟು. ಅಂದಿನಿಂದ ಅದು ನನ್ನ ನಿಯಮ ಆಯಿತು. ಜ್ವರ ಬಂದ ದಿನ, ಊರಿಗೆ ಹೋದ ದಿನ, ಮಾರ್ಚ್ ಕೊನೆಯ ಲೆಕ್ಕದ ದಿನ, ಒಂದು ಅಲಿಫ್. ಬಸ್ಸಿನ ಟಿಕೆಟ್ಟಿನ ಹಿಂದೆಯೂ ಎಳೆದಿದ್ದೇನೆ. ಒಂದು ಗೀಟಿನಿಂದ ಯಾರೂ ಉರ್ದು ಕಲಿಯುವುದಿಲ್ಲ, ನಿಜ. ಆದರೆ ಅವತ್ತು ನಾನು ಅದನ್ನು ಬಿಟ್ಟವಳು ಅಲ್ಲ. ಮರುದಿನ ಮುಂದುವರಿಸುವುದಕ್ಕೆ ಅಷ್ಟು ಸಾಕು.

ಆಪಾ ಕಲಿಸಿದ್ದರಲ್ಲಿ ನನಗೆ ಬಹಳ ಇಷ್ಟವಾದ ಪದ ಒಂದಿದೆ. ಉರ್ದುವಿನಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಸಂದರ್ಭ ನೋಡಿ ಓದಿಕೊಳ್ಳಬೇಕು. ಕಾಫ್, ಲಾಮ್ ಎರಡೇ ಅಕ್ಷರ ಬರೆದರೆ ಅದು ಕಲ್. ಕಲ್ ಅಂದರೆ ನಿನ್ನೆ. ಕಲ್ ಅಂದರೆ ನಾಳೆ ಕೂಡ. ಅದೇ ಎರಡು ಅಕ್ಷರವನ್ನು ಕುಲ್ ಅಂತಲೂ ಓದಬಹುದು. ಕುಲ್ ಅಂದರೆ ಒಟ್ಟು ಮೊತ್ತ. ಲೆಕ್ಕದ ಪುಟದ ಕೊನೆಗೆ ಬರೆಯುವುದು ಇದನ್ನೇ. ನಿನ್ನೆ, ನಾಳೆ, ಒಟ್ಟು, ಮೂರಕ್ಕೂ ಒಂದೇ ಬರಹ! ಲೆಕ್ಕ ಬರೆದು ಬದುಕುವ ನನಗೆ ಆ ದಿನ ಚಹಾ ಉಕ್ಕಿ ಒಲೆ ಮೇಲೆ ಚೆಲ್ಲಿದ್ದೂ ಗೊತ್ತಾಗಲಿಲ್ಲ.

ದಿನಕ್ಕೆ ನೂರಕ್ಕೆ ಒಂದರಷ್ಟು ಸುಧಾರಿಸಿದರೆ ವರ್ಷಕ್ಕೆ 37 ಪಟ್ಟು ಆಗುತ್ತೀರಿ ಅನ್ನೋ ಲೆಕ್ಕವನ್ನು ನೀವೂ ಕೇಳಿರುತ್ತೀರಿ. ಗುಣಾಕಾರ ಸರಿಯಾಗಿದೆ, ನಾನೇ ಹಾಕಿ ನೋಡಿದ್ದೇನೆ. ಆದರೆ ಮನುಷ್ಯ ಬ್ಯಾಂಕಿನ ಬಡ್ಡಿಯಲ್ಲ. ನನ್ನ ಮೊದಲ ವರ್ಷದಲ್ಲಿ ನಾಲ್ಕು ತಿಂಗಳು ಏನೂ ಮುಂದೆ ಹೋಗಲಿಲ್ಲ. ಜೀಮ್, ಚೇ, ಹೇ, ಖೇ ನಡುವೆ ದಿನಾ ಎಡವುತ್ತಿದ್ದೆ. ಆಮೇಲೆ ಒಂದು ದಿನ ಎಡವುವುದು ನಿಂತಿತ್ತು. ಯಾವ ದಿನ ಅಂತ ಹೇಳಲಾರೆ. ಹೊಲದಲ್ಲಿ ತೊಗರಿಯೂ ಹಾಗೇ ಅಲ್ವಾ? ಬಿತ್ತಿದ ಮೇಲೆ ಎಷ್ಟೋ ವಾರ ಗೇಣುದ್ದ ಗಿಡ, ಪಕ್ಕದ ಹೆಸರು, ಉದ್ದು ಮೊದಲೇ ಕೈಗೆ ಬಂದುಬಿಡುತ್ತವೆ. ತೊಗರಿ ಆಗ ಬೇರು ಇಳಿಸುತ್ತಿರುತ್ತದೆ. ಮಳೆ ಹೋದ ಮೇಲೂ ಎರೆ ಮಣ್ಣಿನ ಆಳದ ತೇವ ಹಿಡಿದು ನಿಲ್ಲುವುದು ಆ ಬೇರಿನಿಂದಲೇ.

ಬೇರೆ ಬದಲಾವಣೆಗಳು ಕೇಳದೇ ಬಂದವು. ಮುಂಜಾನೆಯ ಆ ಹತ್ತು ನಿಮಿಷ ನನ್ನದು ಅಂತ ಮನೆಯಲ್ಲಿ ಎಲ್ಲರಿಗೂ ರೂಢಿಯಾಯಿತು. ರಾತ್ರಿ ಫೋನ್ ನೋಡುತ್ತಾ ಮಲಗುವುದು ಕಡಿಮೆ ಆಯಿತು, ಯಾಕೆಂದರೆ ಬೇಗ ಏಳುವ ಆಸೆ ಇತ್ತು. ಎರಡನೇ ವರ್ಷ, ಅದೇ ಅಡುಗೆಮನೆಯ ಕಟ್ಟೆಯ ಮೇಲೆ, ನಿಂತುಹೋಗಿದ್ದ ಬಿ.ಕಾಂ.ನ ಅರ್ಜಿ ತುಂಬಿದೆ. ಮುಕ್ತ ವಿಶ್ವವಿದ್ಯಾಲಯದ ಮೂಲಕ. ರಾತ್ರಿ ಊಟದ ಪಾತ್ರೆ ಒರೆಸಿದ ಕೂಡಲೇ ಹದಿನೈದು ನಿಮಿಷ ಓದು. ಹೋದ ವರ್ಷ ಪಾಸಾದೆ. ಇಪ್ಪತ್ತು ವರ್ಷ ಎದೆಯ ಮೇಲೆ ಕೂತಿದ್ದ ಕಲ್ಲು ಅದು. ಇಷ್ಟು ಬೇಗ ಹೇಳಿ ಮುಗಿಸುತ್ತಿರುವುದಕ್ಕೆ ಕಾರಣ ಇದೆ. ಅದರಲ್ಲಿ ಹೇಳಲು ಹೊಸದೇನೂ ಇರಲಿಲ್ಲ. ಚಹಾದ ಬದಲು ಪಾತ್ರೆ, ಅಕ್ಷರದ ಬದಲು ಒಂದು ಪುಟ. ಆ ಹೊತ್ತಿಗೆ "ಇದೂ ಅಷ್ಟೇ" ಅನ್ನೋ ದನಿ ಎಲ್ಲಿ ಹೋಗಿತ್ತೋ, ನಾನು ಹುಡುಕಲಿಲ್ಲ.

ಮುತ್ಯಾನ ಗಂಟನ್ನು ಇಷ್ಟು ದಿನ ಬಿಚ್ಚಿರಲಿಲ್ಲ. ಆಪಾ ಮೊದಲೇ ಬೇಡ ಅಂದಿದ್ದರು. "ಆ ಕೈಬರಹ ಈಗೇ ನೋಡಿದ್ರ ಹೆದರಿ ಬಿಟ್ಟುಬಿಡ್ತೀ ಬೇಟಾ. ಮೊದಲು ಛಾಪಿಸಿದ್ದು ಓದು." ಮಕ್ಕಳ ಪುಸ್ತಕ, ಆಮೇಲೆ ಪೇಪರಿನ ತಲೆಬರಹ, ಆಮೇಲೆ ಮದುವೆ ಕಾರ್ಡು. ಗಂಟು ಬಿಚ್ಚಿದ್ದು ಮೂರನೇ ವರ್ಷದ ದೀಪಾವಳಿಗೆ. ಅವರು ಹೇಳಿದ್ದು ನಿಜ. ಹಳೇ ಕಚೇರಿ ಬರಹವನ್ನು ಶಿಕಸ್ತಾ ಅನ್ನುತ್ತಾರೆ. ಮುರಿದದ್ದು ಅಂತ ಅರ್ಥ. ಬೇಗ ಬರೆಯಲು ಕೂಡಬಾರದ ಅಕ್ಷರಗಳನ್ನೂ ಕೂಡಿಸಿ, ಚುಕ್ಕಿಗಳನ್ನೂ ಬಿಟ್ಟು ಎಳೆದುಕೊಂಡು ಹೋಗಿರುತ್ತಾರೆ. ಚುಕ್ಕಿಯ ಮೇಲೆಯೇ ನಿಂತಿದ್ದ ನನ್ನ ಓದು ಅಲ್ಲಿ ಕುಸಿಯಿತು.

ಅಂಕಿಗಳು ಮಾತ್ರ ಸಿಕ್ಕವು. ಅಂಕಿಗಳನ್ನು ಉರ್ದುವಿನಲ್ಲೂ ನಮ್ಮ ಹಾಗೆ ಎಡದಿಂದ ಬಲಕ್ಕೇ ಓದಬೇಕು. ಒಂದು ಅಂದರೆ ಗೀಟು, ಸೊನ್ನೆ ಅಂದರೆ ಬರೀ ಚುಕ್ಕಿ, ಐದು ಅಂದರೆ ತಲೆಕೆಳಗಾದ ವೀಳ್ಯದೆಲೆಯ ಹಾಗೆ. ಪ್ರತಿ ಹಾಳೆಯಲ್ಲೂ ಒಂದು ವರ್ಷ ಇತ್ತು, ಅದರ ಮಗ್ಗುಲಲ್ಲಿ ಫೇ ಅನ್ನೋ ಅಕ್ಷರ. ಫಸಲಿ ಅಂತ ಅದರ ಗುರುತು. ನಮ್ಮ ಫಸಲು ಅನ್ನುವ ಪದವೇ ಅದು, ಬೆಳೆಯ ವರ್ಷ. ನಿಜಾಮರ ಕಾಲದಲ್ಲಿ ಲೆಕ್ಕವೆಲ್ಲ ಫಸಲಿಯಲ್ಲಿ. ಅಕ್ಟೋಬರಿನಲ್ಲಿ ಶುರುವಾಗುತ್ತಿತ್ತು. ಅದಕ್ಕೆ 590 ಕೂಡಿಸಿದರೆ ಅದು ಶುರುವಾದ ಇಸವಿ ಸಿಗುತ್ತದೆ.

ಒಟ್ಟು ಏಳು ಹಾಳೆ. ಎಲ್ಲವೂ ಛಾಪಾ ಕಾಗದದ ಮೇಲೆ ಬರೆಸಿದ ಸಾಲದ ಪತ್ರಗಳು. ಅವತ್ತು ಐದು ನಿಮಿಷದಲ್ಲಿ ಹಾಳೆ ತಿರುವಿದವರು ಹೇಳಿದ್ದು ಅಷ್ಟರ ಮಟ್ಟಿಗೆ ಸರಿ. ನಾನು ವರ್ಷ ನೋಡಿ ಅವುಗಳನ್ನು ನೆಲದ ಮೇಲೆ ಸಾಲಾಗಿ ಹಚ್ಚಿದೆ. 1349, 1350, 1351, 1353, 1354, 1355, 1357. ಅಂದರೆ 1939ರಿಂದ 1948ರ ನಡುವಿನವು. ಇಷ್ಟು ವರ್ಷ ಅವು ಗಂಟಿನಲ್ಲಿ ಹಿಂದುಮುಂದಾಗಿ ಇದ್ದವು, ಯಾವುದು ಮೊದಲು, ಯಾವುದು ಆಮೇಲೆ ಅಂತ ಯಾರಿಗೂ ಗೊತ್ತಿರಲಿಲ್ಲ. ಸಾಲಾಗಿ ಹಚ್ಚಿ ಎದ್ದು ನಿಂತಾಗ ಕೆಳಗಿನ ಮೂಲೆಗಳು ಒಟ್ಟಿಗೇ ಕಂಡವು.

ಮೊದಲ ಮೂರು ಹಾಳೆಯಲ್ಲಿ ಹೆಬ್ಬೆಟ್ಟು.

ನಾಲ್ಕನೆಯದರಲ್ಲಿ, 1353 ಫಸಲಿ, ಹೆಬ್ಬೆಟ್ಟಿನ ಮಗ್ಗುಲಲ್ಲಿ ಕನ್ನಡದಲ್ಲಿ ಒಂದು ಹೆಸರು. ಮುತ್ಯಾನ ಹೆಸರು. ಅಕ್ಷರಗಳು ಒಂದು ಮೇಲೆ, ಒಂದು ಕೆಳಗೆ. ಒತ್ತಕ್ಷರ ಎಲ್ಲಿಯೋ ದೂರ ಹೋಗಿ ಬಿದ್ದಿದೆ. ಶಾಯಿ ಎರಡು ಕಡೆ ಹರಡಿದೆ. ಐದನೆಯದರಲ್ಲಿ ಒತ್ತು ತನ್ನ ಜಾಗಕ್ಕೆ ಬಂದಿದೆ. ಆರನೆಯದರಲ್ಲಿ ಹೆಬ್ಬೆಟ್ಟೇ ಇಲ್ಲ, ಹೆಸರು ಒಂದೇ. ಏಳನೆಯದರಲ್ಲಿ ಹೆಸರಿನ ಮುಂದೆ ಊರಿನ ಹೆಸರೂ ಇದೆ, ಕೆಳಗೆ ಒಂದು ಗೆರೆ ಎಳೆದಿದ್ದಾನೆ. ಕೈ ನಡುಗಿಲ್ಲ.

ಆ ಕನ್ನಡ ಸಹಿಗಳನ್ನು ನಾವು ಪ್ರತಿ ದೀಪಾವಳಿಗೂ ನೋಡಿದ್ದೆವು. ಓದಿಯೂ ಇದ್ದೆವು. ಮುತ್ಯಾಗೆ ಸಹಿ ಮಾಡಲು ಬರುತ್ತಿತ್ತು ಅಂದುಕೊಂಡಿದ್ದೆವು, ಅಷ್ಟೇ. ಅವನು ಮೂವತ್ತು ದಾಟಿದ ಮೇಲೆ, ಸಾಲದ ನಡುವೆ, ಹೊಲದ ಕೆಲಸದ ನಡುವೆ ಅದನ್ನು ಕಲಿತಿದ್ದ ಅಂತ ಗೊತ್ತಾಗಲು ವರ್ಷದ ಅಂಕಿ ಓದಬೇಕಿತ್ತು.

ಅಪ್ಪನನ್ನು ಕರೆದೆ. ಅವನಿಗೆ ಈಗ ಎಂಬತ್ತರ ಹತ್ತಿರ. ಕನ್ನಡಕ ಹಾಕಿಕೊಂಡು ನೆಲದ ಮೇಲೆ ಕೂತು ಒಂದೊಂದೇ ಹಾಳೆ ನೋಡಿದ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ.

"ಗಳೇ ಬಿಟ್ಟು ಉಣ್ಲಾಕ ಕೂಡೋದ್ರಾಗ ಬಾರಕೋಲಿನ ತುದೀಲೆ ಮಣ್ಣಾಗ ಹೆಸರು ಬರೀತಿದ್ದ. ದಿನಾ. ನಾ ಸಣ್ಣವ ಇದ್ದಾಗ ನೋಡೀನಿ. ಸಹಿ ಬರ್ತಿತ್ತು ಆಗ, ಆದ್ರೂ ಬರೀತಿದ್ದ. ಬರೆದು ಕಾಲಿಲೆ ಅಳಿಸಿ ಬುತ್ತಿ ಬಿಚ್ಚತಿದ್ದ. ಆಟ ಆಡ್ತಾನ ಅಂತ ತಿಳಿದಿದ್ದೆ ನಾ."

ಗಳೇ ಬಿಟ್ಟ ಮೇಲೆ, ಬುತ್ತಿ ಬಿಚ್ಚುವ ಮುಂಚೆ. ನಾನು ಸುಮ್ನೆ ಕೂತೆ. ಅಪ್ಪ ನಾಲ್ಕನೇ ಹಾಳೆ ಎತ್ತಿಕೊಂಡು, ದೂರ ಬಿದ್ದಿದ್ದ ಆ ಒತ್ತಕ್ಷರದ ಮೇಲೆ ಬೆರಳಿಟ್ಟು ನಿಧಾನ ತಿದ್ದಿದ.

ಹಾಳೆಗಳನ್ನು ಈಗ ಪ್ಲಾಸ್ಟಿಕ್ ಕವರಿನಲ್ಲಿ ವರ್ಷದ ಪ್ರಕಾರ ಇಟ್ಟಿದ್ದೇವೆ. ಆರು ಹಾಳೆ ಆಪಾ ಜೊತೆ ಕೂತು ಓದಿ ಮುಗಿಸಿದೆ. ಏಳನೆಯದು ತುಂಬಾ ಮುರಿದ ಕೈಬರಹ, ಮಡಿಕೆಯಲ್ಲಿ ಹರಿದಿದೆ ಕೂಡ. ಅದರ ಜೆರಾಕ್ಸ್ ಪ್ರತಿ ಸಕ್ಕರೆ ಡಬ್ಬಿಗೆ ಒರಗಿಸಿ ಇಟ್ಟಿದ್ದೇನೆ. ದಿನಕ್ಕೆ ಒಂದು ಪದ. ಕೆಲವು ಪದಕ್ಕೆ ನಾಲ್ಕೈದು ದಿನ ಹಿಡಿಯುತ್ತದೆ. ಇವತ್ತು ಮುಂಜಾನೆ ಐದನೇ ಸಾಲಿನಲ್ಲಿ ಜೀಮ್ ಗುರುತು ಸಿಕ್ಕಿತು, ಆಮೇಲೆ ವಾವ್, ಅಲಿಫ್, ರೇ. ಜವಾರ್. ಜೋಳ. ಮುತ್ಯಾ ತಂದ ಜೋಳವೋ, ತಿರುಗಿ ಕೊಟ್ಟ ಜೋಳವೋ, ಅದು ಮುಂದಿನ ಪದದಲ್ಲಿದೆ. ಅಷ್ಟರಲ್ಲಿ ಚಹಾ ಉಕ್ಕಿತು. ಅವ್ವನಿಗೆ ಮೊದಲ ಕಪ್ಪು ಒಯ್ದು ಕೊಟ್ಟೆ.